ಹಗಲು ಪಾಳಿ, ರಾತ್ರಿ ಪಾಳಿ: ಆರೈಕೆ ಕೇಂದ್ರವೊಂದರಲ್ಲಿ ತಂದೆಯವರ 11 ತಿಂಗಳು

ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ಕಳೆದುಕೊಂಡ ನನ್ನ ತಂದೆಯವರು 11 ತಿಂಗಳಿಂದ ಖಾಸಗಿ ಆರೈಕೆ ಕೇಂದ್ರವೊಂದರಲ್ಲಿ ಇದ್ದಾರೆ. ಕೇಂದ್ರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳುವ ದೋಷಗಳಲ್ಲಿ ಕೆಲವು ಈಗಾಗಲೇ ಸರಿಹೋಗಿವೆ. ಇಂಥ ಸ್ಥಳವನ್ನು ಹುಡುಕುತ್ತಿರುವವರಿಗೆ ಹೆಸರಿಗಿಂತ ಅಲ್ಲಿ ಏನನ್ನು ನೋಡಬೇಕು ಎಂಬುದೇ ಹೆಚ್ಚು ಉಪಯೋಗಕ್ಕೆ ಬಂದೀತು. ಕಟ್ಟಡ, ಔಷಧೋಪಚಾರ, ಸ್ವಚ್ಛತೆಗಳ ಬಗ್ಗೆ ನನಗೆ ದೂರಿಲ್ಲ. ನಾನು ಬರೆಯಲು ಹೊರಟಿರುವುದು ಅಲ್ಲಿ ತಂದೆಯವರ ಮರ್ಯಾದೆ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು.

ಹಗಲು ಪಾಳಿಯ ಸಹಾಯಕರೊಬ್ಬರು, ಬಾಗಿಲು ತೆರೆದೇ ಇದ್ದರೂ, ಎರಡು ಸಲ ತಟ್ಟಿ ಒಳಗಿನಿಂದ ಉತ್ತರ ಬರುವವರೆಗೆ ಹೊಸ್ತಿಲಲ್ಲೇ ನಿಲ್ಲುತ್ತಾರೆ. ತಂದೆಯವರಿಗೆ ಆಡಬೇಕಾದ ಪದ ತಿಳಿದಿರುತ್ತದೆ, ಆದರೆ ಅದು ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವರು ಕಾಯುತ್ತಾರೆಯೇ ಹೊರತು ವಾಕ್ಯವನ್ನು ತಾವಾಗಿ ಪೂರ್ತಿ ಮಾಡುವುದಿಲ್ಲ. ಮೈ ಒರೆಸುವಾಗ ಪರದೆ ಎಳೆದು, ದೊಡ್ಡ ಟವೆಲ್ ಹೊದಿಸಿ, ಒರೆಸುತ್ತಿರುವ ಭಾಗವನ್ನಷ್ಟೇ ಹೊರಗೆ ತೆಗೆದು, ಅದನ್ನು ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತಾರೆ; ಮುಖವನ್ನೂ ಗುಪ್ತಾಂಗವನ್ನೂ ತಂದೆಯವರೇ ಒರೆಸಿಕೊಳ್ಳಲೆಂದು ಎಡಗೈಗೆ ಒದ್ದೆ ಬಟ್ಟೆ ಕೊಟ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಮೊದಲು ತೋಳಿಗೆ ಸೇರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂಬುದು ಈ ಕೆಲಸದ ಮೊದಲ ಪಾಠಗಳಲ್ಲೊಂದು. ಅದನ್ನು ಇವರು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ. ಮೇಲಿನ ಗುಂಡಿಯೊಂದನ್ನು ಮಾತ್ರ ಹಾಕದೆ ಬಿಡುತ್ತಾರೆ. ಅದನ್ನು ತಂದೆಯವರು ಎಡಗೈಯಲ್ಲಿ ಎರಡು ಮೂರು ನಿಮಿಷ ತಡಕಾಡಿ ತಾವೇ ಹಾಕಿಕೊಳ್ಳುತ್ತಾರೆ. ಬೇರೆ ಯಾರಾದರೂ ಆ ಗುಂಡಿಗೆ ಕೈ ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ. ಒಳ್ಳೆಯ ಲಕ್ಷಣವೆಂದೇ ನನ್ನ ಎಣಿಕೆ.

ಎಲ್ಲರೂ ಹೀಗಿರಲಿಲ್ಲ. ಮೊದಲ ತಿಂಗಳಲ್ಲಿ ಸಹಾಯಕಿಯೊಬ್ಬರು ನಿಂತುಕೊಂಡೇ ಚಮಚ ಮುಂದೆ ಹಿಡಿದು, "ಬಾಯಿ ತೆರಿ ಪುಟ್ಟಾ, ಜಾಣ ಅಲ್ವಾ" ಎನ್ನುತ್ತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿದ ಮನುಷ್ಯ ತುಟಿ ಬಿಗಿದು ಗೋಡೆಯ ಕಡೆ ತಿರುಗಿಕೊಂಡರು, ಕಡತದಲ್ಲಿ "ಊಟ ನಿರಾಕರಣೆ" ಎಂದು ದಾಖಲಾಯಿತು. ಆಕೆಯ ಮನಸ್ಸಿನಲ್ಲಿದ್ದದ್ದು ಅಕ್ಕರೆಯೇ, ಅದರಲ್ಲಿ ಅನುಮಾನವಿಲ್ಲ. ನಾನು ಹೇಳಿದ ಮೇಲೆ ಏಕವಚನ ಬಿಟ್ಟು "ಮೇಷ್ಟ್ರೇ" ಎಂದು ಕರೆದು, ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು. ಅದೇ ಕೈಯ ಊಟ ಸಲೀಸಾಗಿ ಒಳಗೆ ಹೋಯಿತು.

ಸ್ವಾಗತ ಕೊಠಡಿಯ ಗೋಡೆಯ ಮೇಲೆ, ವಿಶ್ವಸಂಸ್ಥೆಯ ಮಹಾಸಭೆಯು 1991ರಲ್ಲಿ ವೃದ್ಧರ ಕುರಿತು ಅಂಗೀಕರಿಸಿದ 18 ತತ್ವಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅವುಗಳಲ್ಲಿ 14ನೆಯದು, ಆರೈಕೆ ಕೇಂದ್ರಗಳಲ್ಲಿರುವವರ ಘನತೆ, ಖಾಸಗಿತನಗಳ ಜೊತೆಗೆ ತಮ್ಮ ಆರೈಕೆಯ ಬಗ್ಗೆ ತಾವೇ ತೀರ್ಮಾನಿಸುವ ಹಕ್ಕನ್ನೂ ಹೆಸರಿಸಿ ಹೇಳುತ್ತದೆ. ಅದನ್ನು ಓದಿಕೊಂಡು ಮಹಡಿ ಹತ್ತಿದರೆ, ತಂದೆಯವರ ತಲೆಯ ಮೇಲಿನ ಫಲಕದಲ್ಲಿ "ರಾತ್ರಿ ಡೈಪರ್" ಎಂಬ ದಪ್ಪ ಅಕ್ಷರಗಳು, ನೋಡಲು ಬಂದವರೆಲ್ಲರೂ ಓದುವಂತೆ. ಈಗ ಆ ಫಲಕ ಕಪಾಟಿನ ಬಾಗಿಲಿನ ಒಳಮೈಗೆ ಹೋಗಿದೆ. ಸಿಬ್ಬಂದಿಗೆ ಬೇಕಾದ ವಿವರ ಅಲ್ಲಿದ್ದರೂ ಸಿಗುತ್ತದೆ.

ಆದರೆ ನನ್ನ ನಿಜವಾದ ತಕರಾರು ಇದ್ದದ್ದು ಫಲಕ ಎಲ್ಲಿದೆ ಎಂಬುದಕ್ಕಲ್ಲ, ಅದರಲ್ಲಿ ಬರೆದದ್ದಕ್ಕೆ. ತಂದೆಯವರಿಗೆ ಮೂತ್ರದ ಹತೋಟಿ ತಪ್ಪಿಲ್ಲ, ಹಗಲಿನಲ್ಲಿ ಡೈಪರ್ ಬೇಕಾಗುವುದೇ ಇಲ್ಲ. ಒಂದು ರಾತ್ರಿ ನಾನು ಜೊತೆಗೆ ಉಳಿದಿದ್ದೆ. ಅವರು ಎಡಗೈಯಿಂದ ಮಂಚದ ಕಂಬಿಯನ್ನು ತಟ್ಟುತ್ತಿದ್ದ ಸದ್ದಿಗೆ ಎಚ್ಚರವಾಯಿತು. ಸ್ವಲ್ಪ ಹೊತ್ತಿಗೆ ಬಂದ ಸಿಬ್ಬಂದಿ ಕತ್ತಲಲ್ಲಿ ನನ್ನನ್ನು ಗಮನಿಸದೆ, "ಡೈಪರ್ ಹಾಕಿದೆಯಲ್ಲ, ಅದರಲ್ಲೇ ಮಾಡಿ, ಬೆಳಿಗ್ಗೆ ಬದಲಿಸ್ತೀವಿ" ಎಂದು ಹೇಳಿ ಹೊರಟುಹೋದರು. ನಾನು ಎದ್ದು ಪಾಟ್ ಹುಡುಕಿ ತರುವಷ್ಟರಲ್ಲಿ ತಡವಾಗಿತ್ತು. ತಂದೆಯವರು ನನ್ನ ಕಡೆ ನೋಡಲಿಲ್ಲ. ಗಂಟೆ ಒತ್ತದೆ ಕಂಬಿ ಏಕೆ ತಟ್ಟಿದರು ಎಂದು ದೀಪ ಹಾಕಿ ನೋಡಿದರೆ, ಕರೆಗಂಟೆಯ ಗುಂಡಿ ಮಂಚದ ಬಲಬದಿಯಲ್ಲಿ, ಅವರ ಸ್ವಾಧೀನವಿಲ್ಲದ ಕೈಯ ಪಕ್ಕದಲ್ಲಿ ನೇತಾಡುತ್ತಿತ್ತು.

ಮರುದಿನ ವ್ಯವಸ್ಥಾಪಕರು ಜಾರಿಕೊಳ್ಳದೆ ಮಾತನಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಹಗಲಿನಲ್ಲಿ 8 ಮಂದಿ ಇರುವ ಮಹಡಿಗೆ ರಾತ್ರಿ ಇಬ್ಬರೇ. ಹಾಗೆ ಹೇಳಿ ಹೋದವರು ಕೆಟ್ಟವರಲ್ಲ. ಹಗಲು ಪಾಳಿ ಬಿದ್ದ ವಾರಗಳಲ್ಲಿ ಅವರೇ ತಂದೆಯವರನ್ನು ನಿಧಾನವಾಗಿ ನಡೆಸಿಕೊಂಡು ಶೌಚಾಲಯಕ್ಕೆ ಕರೆದೊಯ್ಯುವುದನ್ನು ನಾನೇ ನೋಡಿದ್ದೇನೆ. ಆದರೂ ಆಳು ಕಡಿಮೆ ಎಂಬ ಕಾರಣಕ್ಕೆ ಹತೋಟಿಯಿರುವವರಿಗೆ ಡೈಪರ್ ಕಟ್ಟುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಒದ್ದೆಯಲ್ಲಿ ಮಲಗಿದ ಚರ್ಮ ಬೇಗ ಕೆಟ್ಟು ಹಾಸಿಗೆ ಹುಣ್ಣಿಗೆ ದಾರಿಯಾಗುತ್ತದೆ, ಮತ್ತು ಬಳಸದ ಹತೋಟಿ ಕ್ರಮೇಣ ನಿಜವಾಗಿಯೂ ತಪ್ಪಿಹೋಗುತ್ತದೆ. ಗಂಟೆಯನ್ನು ಎಡಕ್ಕೆ ತಂದು, ಅದೇ ಬದಿಯ ಕಂಬಿಗೆ ಯೂರಿನ್ ಪಾಟ್ ಸಿಕ್ಕಿಸಿ, ಮಗ್ಗುಲು ಬದಲಿಸಲು ಬಂದಾಗಲೇ "ಹೋಗಬೇಕಾ" ಎಂದು ಕೇಳುವ ಪದ್ಧತಿ ಮಾಡಿದ ಮೇಲೆ ಡೈಪರ್ ನಿಂತಿತು. ಇದಕ್ಕೆ ಹೆಚ್ಚಿನ ಆಳು ಬೇಕಾಗಲಿಲ್ಲ.

ಒಟ್ಟಿನಲ್ಲಿ ತಂದೆಯವರನ್ನು ಅಲ್ಲಿಂದ ಬಿಡಿಸುವ ಯೋಚನೆ ನನಗಿಲ್ಲ. ಇಂಥ ಕೇಂದ್ರವನ್ನು ನೋಡಲು ಹೋಗುವವರು ರಾತ್ರಿ ಪಾಳಿಯಲ್ಲಿ ಮಹಡಿಗೆ ಎಷ್ಟು ಮಂದಿ ಎಂದು ಕೇಳಬೇಕು, ಸಂಕೋಚಪಡದೆ ಖಾಲಿ ಹಾಸಿಗೆಯೊಂದರ ಮೇಲೆ ಮಲಗಿ ಗಂಟೆ ಕೈಗೆ ಎಟುಕುತ್ತದೆಯೇ ಎಂದು ನೋಡಬೇಕು. ಸರಿಹೋಗದೆ ಉಳಿದಿರುವುದು ಬಟ್ಟೆ ಒಗೆಯುವ ವಿಭಾಗ. ಕಾಲರಿನ ಒಳಗೆ ಹೆಸರು ಹೊಲಿಸಿ ಕೊಟ್ಟರೂ ಬಟ್ಟೆಗಳು ಅದಲುಬದಲಾಗುತ್ತವೆ. ಕಳೆದ ಭಾನುವಾರ ತಂದೆಯವರು ಯಾರದೋ ಚೌಕಳಿ ಅಂಗಿಯಲ್ಲಿ ಕುಳಿತಿದ್ದರು. ಮೇಲಿನ ಗುಂಡಿ ಹಾಕಿಕೊಂಡಿರಲಿಲ್ಲ.