ಧನುಷ್ಕೋಡಿ ಸ್ಟೇಷನ್: ಆಟೋ ಮಾತಾಡುವಾಗಲೇ ಒಂದು ಗಂಟೆ ಕೇಳಿಕೊಳ್ಳಿ

ರಾಮೇಶ್ವರಕ್ಕೆ ಹೋದ ನಮ್ಮ ಕಡೆಯವರು ಧನುಷ್ಕೋಡಿಯನ್ನು ಬಿಟ್ಟು ಬರುವುದಿಲ್ಲ. ಆದರೆ ಬಹಳ ಜನ ನೇರವಾಗಿ ಅರಿಚಲ್ ಮುನೈ ತುದಿಗೆ ಹೋಗಿ, ಫೋಟೋ ತೆಗೆಸಿಕೊಂಡು, ಹಳೇ ಸ್ಟೇಷನ್ನನ್ನು ಆಟೋದಲ್ಲಿ ಕೂತೇ ನೋಡಿ ಬರುತ್ತಾರೆ. ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ 31 ವರ್ಷ ಪಾಯಿಂಟ್ಸ್‌ಮನ್ (ಗಾಡಿಗೆ ಹಳಿ ಬದಲಿಸಿ ಕೊಡುವವನು) ಆಗಿದ್ದವನು. ನನಗೆ ಬೇಕಾಗಿದ್ದದ್ದು ಆ ಸ್ಟೇಷನ್ನೇ.

ಆಟೋದವರು ಹತ್ತೇ ನಿಮಿಷ ಅಂದರು. ನಮ್ಮ ಮನೆಯವರು ತಮಗೆ ಬರುವಷ್ಟು ತಮಿಳಿನಲ್ಲಿ "ಇವರು ರೈಲ್ವೆಯವರಪ್ಪಾ" ಎಂದ ಮೇಲೆ ಒಂದು ಗಂಟೆ ನಿಂತರು. 200 ರೂಪಾಯಿ ಹೆಚ್ಚಿಗೆ ಕೊಟ್ಟೆ. ಕೊಟ್ಟದ್ದಕ್ಕೆ ಬೇಸರವಿಲ್ಲ.

ಉಳಿದಿರುವುದು ಕಮಾನಿನ ಒಂದಿಷ್ಟು ಗೋಡೆ, ಸುತ್ತ ಮರಳು. ಅಲ್ಲಿ ನಿಂತರೆ ಇದು ಎಂಥ ಸ್ಟೇಷನ್ ಆಗಿತ್ತು ಎಂದು ನಂಬುವುದು ಕಷ್ಟ. 1914ರಲ್ಲಿ ಸಮುದ್ರ ದಾಟಿ ರಾಮೇಶ್ವರ ದ್ವೀಪಕ್ಕೆ ಬರುವ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನ ಬೋಟ್ ಮೇಲ್ ರೈಲು ಇಲ್ಲಿಯವರೆಗೆ ಬರುತ್ತಿತ್ತು. ಜನ ಇಳಿದು ಹಡಗು ಹತ್ತಿ ಶ್ರೀಲಂಕಾದ ತಲೈಮನ್ನಾರ್ ಸೇರಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ಪಾಂಬನ್‌ನಿಂದ ಮೇನ್ ಲೈನ್ ಬಂದದ್ದೂ ಇಲ್ಲಿಗೇ. ರಾಮೇಶ್ವರದ್ದು ಆಗ ಬ್ರಾಂಚ್ ಲೈನ್.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ. ಪಾಂಬನ್‌ನಿಂದ ಹೊರಟ 653 ನಂಬರ್ ಪ್ಯಾಸೆಂಜರ್ ಸ್ಟೇಷನ್ ಮುಟ್ಟುವ ಮೊದಲೇ ಅಲೆಗೆ ಸಿಕ್ಕಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನ ಹೋದರು. ಸಿಗ್ನಲ್ ಸಿಗದೆ ಕಾದು, ಕೊನೆಗೆ ಡ್ರೈವರ್ ಸೀಟಿ ಹಾಕಿ ಗಾಡಿ ಬಿಟ್ಟರು ಎಂದು ಹೇಳುತ್ತಾರೆ. ಸಿಗ್ನಲ್ ಕೆಟ್ಟ ಮಳೆರಾತ್ರಿಗಳಲ್ಲಿ ಕೈದೀಪ ಹಿಡಿದು ಗಾಡಿಯನ್ನು ಒಳಗೆ ಕರೆದುಕೊಂಡವನು ನಾನು. ಆ ರಾತ್ರಿ ಇಲ್ಲಿ ಡ್ಯೂಟಿಯಲ್ಲಿದ್ದ ನನ್ನಂಥವನು ಯಾವ ಗೋಡೆ ಹಿಡಿದು ನಿಂತಿದ್ದನೋ ಎಂದು ಅಲ್ಲೇ ಕೂತು ಯೋಚಿಸಿದೆ. ನಮ್ಮ ಮನೆಯವರು ಏನೂ ಮಾತಾಡಲಿಲ್ಲ, ಕೊಡೆ ಹಿಡಿದು ಪಕ್ಕದಲ್ಲಿ ನಿಂತರು.

ಆ ಚಂಡಮಾರುತಕ್ಕೆ ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಮುಂದೆ ನಿಂತು 46 ದಿನಗಳಲ್ಲಿ ಸರಿಪಡಿಸಿದರು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ. ಧನುಷ್ಕೋಡಿಯ ಹಳಿಯನ್ನು ಮಾತ್ರ ಮತ್ತೆ ಹಾಕಲಿಲ್ಲ. ಬೋಟ್ ಮೇಲ್ ಈಗಲೂ ಓಡುತ್ತಿದೆ, ರಾಮೇಶ್ವರದಲ್ಲಿ ನಿಲ್ಲುತ್ತದೆ.

ಬೆಳಿಗ್ಗೆ ಏಳರ ಹೊತ್ತಿಗೇ ಹೋಗಿ. ನೆರಳು ಅನ್ನುವುದೇ ಇಲ್ಲ. ನೀರು, ಕೊಡೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ ಮರಳಿನಲ್ಲಿ ಕಾಲು ಹೂತು ನಡೆಯುವುದು ತ್ರಾಸ. ನಾವು ಹೋದಾಗ ಇಬ್ಬರು ಹುಡುಗರು ಗೋಡೆ ಹತ್ತಿ ಸೆಲ್ಫಿ ತೆಗೆಯುತ್ತಿದ್ದರು, ಕೆಳಗೆ ಗಾರೆ ಉದುರುತ್ತಿತ್ತು. ಇಳಿಯಿರಪ್ಪಾ ಎಂದೆ, ಇಳಿದರು. ನೀವೂ ಕಂಡರೆ ಹೇಳಿ.

ಸೌಕರ್ಯಕ್ಕೆ ಐದರಲ್ಲಿ ಎರಡು ಕೊಡುತ್ತೇನೆ. ಸ್ಟೇಷನ್ನಿಗೆ ಐದಕ್ಕೆ ಐದು.