ಮೂರು ಚಳಿಗಾಲ ಕಂಡ ನಮ್ಮ ಕಬ್ಬಿಣದ ಕೋಳಿಗೂಡು

2022ರ ನವೆಂಬರಿನಲ್ಲಿ ಹಾಸನದ ಒಂದು ವೆಲ್ಡಿಂಗ್ ಅಂಗಡಿಯಿಂದ ಈ ಗೂಡು ತರಿಸಿದೆವು. 6 ಅಡಿ ಉದ್ದ, 4 ಅಡಿ ಅಗಲ, ಮೇಲೆ ಜಿಂಕ್ ಶೀಟು. ಪಕ್ಕಕ್ಕೆ ಸೇರಿಸಿದ ಹಾಗೆ ಕೋಳಿ ಓಡಾಡಲು 10 ಅಡಿ ಉದ್ದದ ಜಾಲರಿ ಆವರಣ. ಮೂಡಿಗೆರೆ ಹತ್ತಿರದ ನಮ್ಮ ಮನೆವರೆಗಿನ ಬಾಡಿಗೆಯೂ ಸೇರಿ 18,500 ರೂಪಾಯಿ ಆಯಿತು.

ತೆಗೆದುಕೊಳ್ಳಲು ಮುಖ್ಯ ಕಾರಣ ಕಾಫಿ ಕೊಯ್ಲು. ಡಿಸೆಂಬರ್ ಬಂದರೆ ಕಣದ ತುಂಬ ಹಣ್ಣು ಹರಡಿರುತ್ತದೆ. ಬಿಟ್ಟ ಕೋಳಿ ಸೀದಾ ಅಲ್ಲಿಗೇ ಹೋಗುತ್ತದೆ. ಕೆದರುತ್ತದೆ, ಹಿಕ್ಕೆ ಹಾಕುತ್ತದೆ. ನಮ್ಮ ಅತ್ತೆ ಕೋಲು ಹಿಡಿದು ಬಿಸಿಲಲ್ಲಿ ಕೂರಬೇಕಾಗುತ್ತಿತ್ತು. ಆವರಣ ಬಂದ ಮೇಲೆ ಆ ಕಷ್ಟ ಪೂರ್ತಿ ತಪ್ಪಿತು. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅಂತ ನನಗೆ ಅನ್ನಿಸುತ್ತದೆ.

ಆದರೆ ಬಂದ ಹಾಗೇ ಇಟ್ಟುಕೊಂಡಿದ್ದರೆ ಕೋಳಿಗಳನ್ನು ಕಳೆದುಕೊಳ್ಳುತ್ತಿದ್ದೆವು. ಗೂಡಿನ ಜೊತೆ ಒಂದು ತಾರ್ಪಾಲು ಕೊಟ್ಟಿದ್ದರು. ಚಳಿಗೆ ಸುತ್ತಲೂ ಬಿಗಿಯಾಗಿ ಕಟ್ಟಿ ಅಂದಿದ್ದರು. ಕಟ್ಟಿದೆವು. ಮೂರ್ನಾಲ್ಕು ದಿನ ಕಳೆದು ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮೂಗಿಗೆ ಖಾರ ಹೊಡೆದ ಹಾಗೆ ವಾಸನೆ, ಕಣ್ಣಲ್ಲಿ ನೀರು. ಟಾರ್ಚ್ ಬಿಟ್ಟು ನೋಡಿದೆ. ಶೀಟಿನ ಒಳಗಡೆ ಪೂರಾ ನೀರಿನ ಹನಿ. ಒಂದೊಂದೇ ಹನಿ ದಪ್ಪಗಾಗಿ, ಇಳಿಜಾರಿಗೆ ಸ್ವಲ್ಪ ದೂರ ಜಾರಿ, ಕೋಳಿಗಳ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಂಪು ಹೇಂಟೆ ಕತ್ತು ಚಾಚಿ ಸೀನುತ್ತಿತ್ತು. ಹೊರಗೆ ಮಳೆ ಇಲ್ಲ, ಬರೀ ಮಂಜು. ಮಳೆ ಬಂದಿದ್ದು ಗೂಡಿನ ಒಳಗೆ.

ಪಶು ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಗರಿ ಉಬ್ಬಿಸಿ ಕೂತರೆ ಗರಿಗಳ ನಡುವಿನ ಗಾಳಿಯೇ ಅದಕ್ಕೆ ಕಂಬಳಿ. ನಮ್ಮೂರಿನ 12-13 ಡಿಗ್ರಿ ಚಳಿ ಬೆಳೆದ ಕೋಳಿಗೆ ಏನೂ ಮಾಡಲ್ಲ. ಅದಕ್ಕೆ ಆಗದೇ ಇರುವುದು ತೇವ. ಉಸಿರಿನ ಆವಿ, ಹಿಕ್ಕೆಯ ತೇವ ಹೊರಗೆ ಹೋಗದಿದ್ದರೆ ಶೀಟಿಗೆ ತಾಗಿ ನೀರಾಗುತ್ತದೆ. ಹಿಕ್ಕೆಯಿಂದ ಏಳುವ ಅಮೋನಿಯಾ ಶ್ವಾಸನಾಳವನ್ನು ಕೆಡಿಸುತ್ತದೆ. ನಂತರ ಕೆಮ್ಮು, ಶೀತ.

ಅವತ್ತೇ ತಾರ್ಪಾಲು ಬಿಚ್ಚಿದೆವು. ಮಾಡಿನ ಕೆಳಗೆ ಎರಡೂ ಕಡೆ 4 ಇಂಚು ಕತ್ತರಿಸಿ ಜಾಲರಿ ಹಾಕಿಸಿದೆವು. ಈಗ ತಾರ್ಪಾಲು ಕಟ್ಟುವುದು ಗಾಳಿ ಹೊಡೆಯುವ ಕಡೆ ಮಾತ್ರ, ಅದೂ ಕೋಳಿ ಕೂರುವ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೆ. ಶೀಟಿನ ಒಳಗಡೆ ಬಿದಿರಿನ ತಟ್ಟಿ ಕಟ್ಟಿದ್ದೇವೆ. ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು, ದಿನಾ ಒಂದು ಸಲ ಕೆದಕುತ್ತೇನೆ. ಆಮೇಲೆ ಒಂದು ಕೋಳಿಯೂ ಸೀನಿಲ್ಲ.

ಕೂರಲು ಕೊಟ್ಟಿದ್ದ ಕಬ್ಬಿಣದ ಪೈಪನ್ನೂ ತೆಗೆಸಿದೆ. ರಾತ್ರಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಬರಿಗಾಲಲ್ಲಿ ಇಡೀ ರಾತ್ರಿ ಕೂರುವುದು ಹೇಗೆ ಅಲ್ವಾ? ಅದರ ಜಾಗದಲ್ಲಿ ಸಿಲ್ವರ್ ಓಕ್ ಮರದ ಪಟ್ಟಿ, ಅಗಲ ಭಾಗ ಮೇಲೆ. ಬೆರಳು ಚಪ್ಪಟೆಯಾಗಿ ಊರಿ ಕೂರುತ್ತವೆ, ಎದೆಯ ಗರಿ ಬೆರಳನ್ನು ಮುಚ್ಚುತ್ತದೆ.

ಜಾಲರಿ ಬಗ್ಗೆ ನನಗೆ ಇನ್ನೂ ಬೇಜಾರಿದೆ. ಆರು ಮೂಲೆ ಕಣ್ಣಿನ ತೆಳು ಜಾಲರಿ ಹಾಕಿದ್ದರು. ಎರಡನೇ ಚಳಿಗಾಲದಲ್ಲಿ ಒಂದು ರಾತ್ರಿ ಕಾಡುಬೆಕ್ಕು ಅದನ್ನು ಹರಿದು ಎರಡು ಹೇಂಟೆ ಎಳೆದುಕೊಂಡು ಹೋಯಿತು. ಅಂಗಡಿಗೆ ಫೋನ್ ಮಾಡಿದರೆ ಸರಿಯಾದ ಉತ್ತರ ಸಿಗಲಿಲ್ಲ. ಕೊನೆಗೆ ನಾವೇ 2,600 ರೂಪಾಯಿ ಖರ್ಚು ಮಾಡಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿ ಬೆಸೆದ ಗಟ್ಟಿ ಜಾಲರಿ ಹಾಕಿಸಿದೆವು. ಚಿಲಕಕ್ಕೆ ಕೊಂಡಿ ಸೇರಿಸಿದೆವು.

ಮೊಟ್ಟೆ ವಿಷಯ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರಲ್ಲ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು 14ರಿಂದ 16 ಗಂಟೆ ಬೆಳಕು ಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಹತ್ತುವಂತೆ ಟೈಮರ್ ಇಟ್ಟು 9 ವಾಟಿನ ಎಲ್ಇಡಿ ಹಾಕಿದ್ದೇನೆ. ಸಂಜೆ ಹಾಕಬೇಡಿ. ತಟ್ಟನೆ ಆರಿದರೆ ಕತ್ತಲಲ್ಲಿ ಕೂರುವ ಜಾಗ ಸಿಗದೆ ಕೋಳಿಗಳು ಕೆಳಗೇ ಉಳಿಯುತ್ತವೆ. ಗಿರಿರಾಜ ತಳಿಯ ಎಂಟು ಹೇಂಟೆಗಳಿಂದ ಮೊದಲು ದಿನಕ್ಕೆ ಒಂದೋ ಎರಡೋ ಬರುತ್ತಿತ್ತು, ಈಗ ನಾಲ್ಕು ಬರುತ್ತದೆ. ಗರಿ ಉದುರಿಸುವ ಕೋಳಿಯನ್ನು ಮಾತ್ರ ಸುಮ್ನೆ ಬಿಡಬೇಕು, ಅದು ಇಡುವುದಿಲ್ಲ.

12 ಕೋಳಿಗೆ ಸಾಕು ಅಂತ ಮಾರುತ್ತಾರೆ. ಕೊಯ್ಲಿನ ಕಾಲದಲ್ಲಿ ಹಗಲೂ ಒಳಗೇ ಇಡುವುದಾದರೆ ಎಂಟಕ್ಕಿಂತ ಜಾಸ್ತಿ ಬೇಡ, ಒಂದನ್ನೊಂದು ಕುಕ್ಕುತ್ತವೆ.

ಸಂಜೆ ಕೊಯ್ಲು ಮುಗಿದ ಮೇಲೆ ಮಕ್ಕಳು ಅಂಗಳದಲ್ಲಿ ಶಟಲ್ ಆಡುತ್ತಾರೆ. ಆಮೇಲೆ ಬೆಂಕಿ ಹಾಕಿ ಗೆಣಸು ಸುಡುತ್ತೇವೆ. ಹೊಗೆ ಗೂಡಿನ ಕಡೆ ಹೋಗದ ಹಾಗೆ ಗಾಳಿ ನೋಡಿ ಬೆಂಕಿ ಹಾಕುವುದು ಈಗ ಚಿಕ್ಕವನ ಕೆಲಸ. ಬೆರಳು ನೆನೆಸಿ ಎತ್ತಿ ಹಿಡಿದು ನೋಡುತ್ತಾನೆ.

ಈ ವರ್ಷ ಪಕ್ಕದ ಮನೆಯವರೂ ಅಲ್ಲಿಂದಲೇ ಗೂಡು ತರಿಸಿದರು. ಮಾಡಿನ ಕೆಳಗೆ ಗಾಳಿಕಿಂಡಿ, ವೆಲ್ಡ್ ಮೆಶ್, ಮರದ ಪಟ್ಟಿ ಮೂರನ್ನೂ ಮೊದಲೇ ಹೇಳಿ ಮಾಡಿಸಿಕೊಂಡರು. 2,000 ರೂಪಾಯಿ ಜಾಸ್ತಿ ಆಯಿತು. ತಾರ್ಪಾಲನ್ನು ಅಲ್ಲೇ ಬಿಟ್ಟು ಬಂದರು.