ರಾತ್ರಿ ಎರಡಕ್ಕೆ 14416: ಕೊಲೈಟಿಸ್ ಇರುವವರಿಗೆ ಟೆಲಿ ಮಾನಸ್ ಎಷ್ಟು ಆಸರೆ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ (ಎರಡೂ ಕರುಳು ಊದಿ ಹುಣ್ಣಾಗುವ, ವರ್ಷಗಟ್ಟಲೆ ಕಾಡುವ ಕಾಯಿಲೆ) ಇರುವ ಹುಡುಗ ಹುಡುಗಿಯರು ಟೆಲಿ ಮಾನಸ್ ಅನ್ನುವ ಈ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಧಾರಾಳವಾಗಿ ಬಳಸಬಹುದು. ಆದರೆ ಹೊಟ್ಟೆಯ ವಿಷಯ ನೀವೇ ಬಾಯಿಬಿಟ್ಟು ಹೇಳಬೇಕು. ಬರೀ ‘ಮನಸ್ಸು ಸರಿಯಿಲ್ಲ’ ಅಂದರೆ, ಪರೀಕ್ಷೆ ಭಯವೋ ಪ್ರೀತಿ ಮುರಿದದ್ದೋ ಅಂತ ಆ ಕಡೆಯವರು ತಡಕಾಡೋದರಲ್ಲೇ ಅರ್ಧ ಕರೆ ಮುಗಿದಿರುತ್ತೆ.

ಟೆಲಿ ಮಾನಸ್ ಕೇಂದ್ರ ಸರ್ಕಾರದ್ದು. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಉಚಿತ, ದಿನದ 24 ಗಂಟೆಯೂ ಇದೆ. 14416 ಒತ್ತಿ ಕನ್ನಡ ಆರಿಸಿದರೆ ತರಬೇತಾದ ಸಲಹೆಗಾರರು ಸಿಗುತ್ತಾರೆ. ಅವರ ಕೈಮೀರಿದ್ದಾದರೆ ಎರಡನೇ ಹಂತದ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ಕರೆ ದಾಟಿಸುತ್ತಾರೆ.

ಕನ್ನಡದಲ್ಲಿ ಸಿಗುತ್ತೆ ಅನ್ನೋದೇ ನಮ್ಮ ಕಡೆ ಅರ್ಧ ಔಷಧಿ. ಮಂಡ್ಯದ ಹಳ್ಳಿಯಲ್ಲಿ ಮಲದಲ್ಲಿ ರಕ್ತ ಅಂದರೆ ‘ಉಷ್ಣ ಆಗೈತೆ, ಎಳನೀರು ಕುಡಿ’ ಅನ್ನುತ್ತಾರೆ, ಇಲ್ಲವೇ ಮೂಲವ್ಯಾಧಿ ಅನ್ನುತ್ತಾರೆ. ಹೊಟ್ಟೆನೋವೆಲ್ಲ ಗ್ಯಾಸ್ಟ್ರಿಕ್. ಫ್ಲೇರ್ (ಅಂದರೆ ಕಾಯಿಲೆ ಕೆರಳಿದ ಹೊತ್ತು) ಇದ್ದಾಗ ಉಪ್ಸಾರು, ಸೊಪ್ಪು, ಕಾಳು ಬೇಡ ಅಂದವನು ಸೊಗಸುಗಾರ. ಸ್ಟಿರಾಯ್ಡ್‌ನಿಂದ ಮುಖ ಊದಿಕೊಂಡವಳಿಗೆ ಮದುವೆ ಮನೆಯಲ್ಲಿ ‘ಮೈ ಕೈ ತುಂಬ್ಕೊಂಡಿದೀಯ’ ಅಂತ ಮೆಚ್ಚುಗೆ ಬೇರೆ! ಮೈಸೂರಿನ ಪಿಜಿಯಲ್ಲಿ ಆರು ಜನಕ್ಕೆ ಒಂದು ಟಾಯ್ಲೆಟ್ ಇದ್ದರೆ, ಬೆಳಿಗ್ಗೆ ನಾಲ್ಕನೇ ಸಲ ಬಾಗಿಲು ತಟ್ಟುವ ಸಂಕಟ ಬೇರೆಯೇ. ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಆತಂಕದ, ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿರುತ್ತವೆ. ಕಾಯಿಲೆ ಕೆರಳಿದಾಗ ಅದು ಇನ್ನೂ ಏರುತ್ತದೆ.

ಕರೆ ಮಾಡುವ ಮೊದಲು ಒಂದು ಚೀಟಿ ಬರೆದುಕೊಳ್ಳಿ, ಐದೇ ಸಾಲು ಸಾಕು. ಕಾಯಿಲೆಯ ಹೆಸರು ಮತ್ತು ಎಷ್ಟು ವರ್ಷದಿಂದ ಅನ್ನೋದು. ‘ಇದು ಐಬಿಎಸ್ ಅಲ್ಲ, ಕರುಳಿನಲ್ಲಿ ಹುಣ್ಣು ಇದೆ’ ಅನ್ನುವ ವಾಕ್ಯ (ಐಬಿಎಸ್ ಅಂದರೆ ಹುಣ್ಣಿಲ್ಲದೆ ಕರುಳು ಕಾಡುವ ತೊಂದರೆ). ಈ ವಾರ ದಿನಕ್ಕೆ ಎಷ್ಟು ಸಲ, ರಕ್ತ ಇದೆಯೋ ಇಲ್ಲವೋ. ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ. ಕೊನೆಗೆ, ಮನಸ್ಸಿಗೆ ಹೆಚ್ಚು ಕಾಡೋದು ಯಾವುದು: ಬಸ್ಸೋ, ಕ್ಲಾಸೋ, ಮದುವೆ ಮಾತೋ, ಬಯಲಾಗುವ ಭಯವೋ. ಈ ಕೊನೆಯ ಸಾಲೇ ಮುಖ್ಯ. ‘ಎಲ್ಲಾ ಕಷ್ಟ’ ಅಂದರೆ ಯಾವ ಸಲಹೆಗಾರರಿಗೂ ಹಿಡಿ ಸಿಗಲ್ಲ. ‘ಮಂಡ್ಯದಿಂದ ಕಾಲೇಜಿಗೆ ಬಸ್ ಹತ್ತೋಕೇ ಭಯ, ಅದಕ್ಕೆ ಬೆಳಿಗ್ಗೆಯಿಂದ ಏನೂ ತಿನ್ನಲ್ಲ’ ಅಂದರೆ ಕೆಲಸ ಅಲ್ಲಿಂದಲೇ ಶುರುವಾಗುತ್ತೆ. (ಟಾಯ್ಲೆಟ್ ಇರುವ ರೈಲು ಹಿಡಿದರೇ ಅರ್ಧ ಭಯ ಇಳಿಯುತ್ತೆ, ಅದಕ್ಕೆ ಯಾವ ಸಹಾಯವಾಣಿಯೂ ಬೇಡ.)

ಈಗ ಎಡವಟ್ಟಾಗುವ ಜಾಗ. ಖಿನ್ನತೆ ಅಳೆಯೋಕೆ ಬಳಸುವ ಪಿಎಚ್‌ಕ್ಯೂ-9 ಪಟ್ಟಿಯನ್ನು ಫೋನಿನಲ್ಲಿ ಯಾರಾದರೂ ಕೇಳಬಹುದು, ನೀವೇ ಎಲ್ಲಾದರೂ ತುಂಬಿರಬಹುದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅದರಲ್ಲಿ ನಿದ್ದೆ, ಸುಸ್ತು, ಹಸಿವು ಮೂರನ್ನೂ ಫ್ಲೇರ್ ತಾನೇ ಕೆಡಿಸುತ್ತೆ. ಅಂದರೆ 9 ಅಂಕ ಹೊಟ್ಟೆಯ ಲೆಕ್ಕದಲ್ಲೇ ಬಂದುಬಿಡಬಹುದು, ಇನ್ನಷ್ಟು ನೋಡಬೇಕು ಅನ್ನುವ ಗಡಿಯೋ 10. ಯಾವ ಅಂಕ ಕರುಳಿನದು ಅಂತ ಬಿಡಿಸಿ ಹೇಳಿ. ಹಾಗಂತ ‘ಎಲ್ಲಾ ಕಾಯಿಲೆಯಿಂದಲೇ’ ಅಂತ ತಳ್ಳಿಹಾಕಲೂಬೇಡಿ. ಯಾವುದರಲ್ಲೂ ಆಸಕ್ತಿ ಇಲ್ಲ, ನಾನು ಮನೆಯವರಿಗೆ ಹೊರೆ, ಇರೋದಕ್ಕಿಂತ ಸಾಯೋದೇ ಮೇಲು ಅನ್ನೋವು ಕರುಳಿನ ಲಕ್ಷಣಗಳಲ್ಲ. ಸಾಯುವ ಯೋಚನೆ ಇದ್ದರೆ ಚೀಟಿ ಪಕ್ಕಕ್ಕಿಟ್ಟು ಅದನ್ನೇ ಮೊದಲು ಹೇಳಿ.

ಮಾತ್ರೆಯ ವಿಷಯ ಫೋನಿನಲ್ಲಿ ತೀರ್ಮಾನ ಆಗಲ್ಲ, ಆಗಲೂಬಾರದು. ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಸಾಮಾನ್ಯವಾಗಿ 40 ಮಿಲಿಗ್ರಾಂನಿಂದ ಶುರುವಾಗಿ ವಾರಕ್ಕೆ 5ರಂತೆ ಇಳಿಯುತ್ತೆ. ಆ ಮೊದಲ ವಾರಗಳಲ್ಲಿ ನಿದ್ದೆಗೇಡು, ಸಿಡುಕು, ಕಾರಣವಿಲ್ಲದ ಅಳು ಬಂದರೆ ಅದು ಮಾತ್ರೆಯದ್ದೂ ಇರಬಹುದು. ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆ ತಿಂಡಿ ಆದ ಮೇಲೆ ತಗೋಬಹುದಾ ಅಂತ ಹೊಟ್ಟೆ ಡಾಕ್ಟರನ್ನು ಕೇಳಿ. ‘ತಲೆ ಕೆಡುತ್ತೆ’ ಅಂತ ದಿಢೀರನೆ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ತಯಾರಿಸೋದನ್ನು ಮರೆತಿರುತ್ತೆ, ಅದಕ್ಕೇ ಮೆಲ್ಲಗೆ ಇಳಿಸೋದು. ಸದಾ ಸುಸ್ತು ಅನ್ನುವವರು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12 ಒಮ್ಮೆ ನೋಡಿಸಿ. ರಕ್ತ ಹೋಗಿ ಹೋಗಿ ಬಂದ ರಕ್ತಹೀನತೆಗೆ ಮಾತಿನ ಸಮಾಧಾನ ಎಷ್ಟು ಸುರಿದರೂ ಪ್ರಯೋಜನವಿಲ್ಲ.

ಮನೋವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟರೆ ಕೊಲೈಟಿಸ್ ಇದೆ ಅಂತ ಅವರ ಔಷಧಿ ಚೀಟಿಯಲ್ಲೇ ಬರೆಸಿ. ಅಂಥ ಒಂದು ಮಾತ್ರೆ ಸೆರ್ಟ್ರಾಲಿನ್, ಶುರುವಿನಲ್ಲಿ ಕೆಲವರಿಗೆ ಭೇದಿ ಮಾಡಿಸುತ್ತೆ. ಅದನ್ನೇ ಫ್ಲೇರ್ ಅಂದುಕೊಂಡು ಮನೆಯಲ್ಲಿ ಉಳಿದ ಹಳೇ ಸ್ಟಿರಾಯ್ಡ್ ನುಂಗಬೇಡಿ. ಯಾವುದು ಅಂತ ತಿಳಿಯೋಕೆ ಕರುಳಿನ ಉರಿಯೂತ ತೋರಿಸುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ನೆರವಾಗುತ್ತೆ. ಸೆರ್ಟ್ರಾಲಿನ್ ಗುಂಪಿನ ಮಾತ್ರೆ ಜೊತೆ ತಲೆನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಸೇರಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಕೊಲೈಟಿಸ್ ಇರುವವರಿಗೆ ಈ ನೋವಿನ ಮಾತ್ರೆಗಳು ಮೊದಲೇ ಆಗಿಬರಲ್ಲ.

14416ರಿಂದ ಆಗದ ಕೆಲಸವೂ ಇದೆ. ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತಭೇದಿ, ಜೊತೆಗೆ ಜ್ವರ ಅಥವಾ ನಾಡಿ 90 ದಾಟಿದ್ದರೆ ಸಲಹೆಗಾರರಿಗಲ್ಲ, 108ಕ್ಕೆ ಕರೆ ಮಾಡಿ. ಇನ್ನು ಮುಖಾಮುಖಿ ಕೂತು ಮಾತಾಡಬೇಕು ಅನಿಸಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಕ್ಲಿನಿಕ್ ನಡೆಸುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ ಹೋಗಿ.

ಇನ್ನೊಂದು ಕೊರತೆ: ಮತ್ತೆ ಕರೆ ಮಾಡಿದಾಗ ಬೇರೆ ಧ್ವನಿ ಸಿಗಬಹುದು, ಕಥೆಯೆಲ್ಲ ಮೊದಲಿಂದ ಹೇಳಬೇಕಾಗಬಹುದು. ಆ ಚೀಟಿ ಎಸೆಯಬೇಡಿ ಅನ್ನೋದು ಅದಕ್ಕೇ. ಕಾಯಿಲೆಯ ಹೆಸರಿನ ಸಾಲು ಹಾಗೇ ಇರುತ್ತೆ, ‘ಎಷ್ಟು ಸಲ’ ಅನ್ನುವ ಸಾಲು ಮಾತ್ರ ಪ್ರತಿ ಸಲ ಹೊಡೆದು ಬರೆಯಬೇಕು. ಮಾತಾಡೋಕೆ ರೂಮಿನಲ್ಲಿ ಆಗದಿದ್ದರೆ ಪಿಜಿಯ ತಾರಸಿ, ಇಲ್ಲವೇ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಏರಿ. ಊರಲ್ಲಿದ್ದರೆ ಹಿತ್ತಲು ಬೇಡ, ಪಕ್ಕದ ಮನೆ ಅಜ್ಜಿಗೆ ಎಲ್ಲಾ ಕೇಳಿಸುತ್ತೆ. ಗದ್ದೆ ಬದುವೇ ವಾಸಿ.